ತಳದಲ್ಲಿ ಕೂತ ಕ್ಯಾಲ್ಸಿಯಂ ಫಾಸ್ಫೇಟ್ ಅವರಿಗೆ

ಮಾನ್ಯರೇ,

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಮರುಪರೀಕ್ಷೆಗೆ ಕೂರಲಿರುವ ಹನಕೆರೆಯ ದೀಪಿಕ ತಮ್ಮ ಬೆಳ್ಳನೆಯ ಪಾದಗಳಿಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಬೀಕರಿನ ತಳದಲ್ಲಿ ಕರಗದೆ, ಕದಲದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನನ್ನ ಕ್ಷೇಮವನ್ನು ತಾವೇ ಕೆಡಿಸಿದ್ದರಿಂದ ಈ ಪತ್ರ.

ಮಾರ್ಚ್ ಪರೀಕ್ಷೆಯಲ್ಲಿ ತಮ್ಮ ಕರಗುವಿಕೆಯ ಗುಣಲಬ್ಧದ ಸೂತ್ರವನ್ನು ಬರೆಯಲು ಕೇಳಿದಾಗ ನಾನು ತಮಗೆ ತೋರಿದ ಮರ್ಯಾದೆಯನ್ನು ಬೀಗರಿಗೂ ಯಾರೂ ತೋರಿರಲಾರರು. ನೀರಿಗಿಳಿದ ಕ್ಯಾಲ್ಸಿಯಂ, ಫಾಸ್ಫೇಟ್ ಅಯಾನುಗಳನ್ನು ಬರೆದು, ಮೂರು ಮತ್ತು ಎರಡನ್ನು ಅವುಗಳ ತಲೆಯ ಮೇಲೆ ಘಾತವಾಗಿ ಸರಿಯಾಗಿಯೇ ಕೂರಿಸಿ, ಕೆಳಗೊಂದು ಭಾಗಾಕಾರದ ಗೆರೆ ಎಳೆದು, ಗೆರೆಯ ಕೆಳಗೆ ತಮ್ಮ ಪೂರ್ಣ ನಾಮಧೇಯವನ್ನೂ ಬರೆದೆ. ಅದೇ ವಾರ ನಮ್ಮಕ್ಕ ವೀಣಳ ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು. ಮದುವೆಗೆಂದು ಒಂದು ಕಡ್ಡಿಯನ್ನೂ ಎತ್ತಿಡದೆ ಜಗಲಿಯಲ್ಲೇ ಕೂತ ದೊಡ್ಡಪ್ಪಂದಿರ ಹೆಸರುಗಳೆಲ್ಲ ಅದರಲ್ಲಿದ್ದವು. ಯಾಕೆಂದು ಕೇಳಿದ್ದಕ್ಕೆ ತಾತ ಜವರಯ್ಯ, "ಕುಂತಿರೋರ ಎಸ್ರು ಬುಟ್ರೆ ಮದ್ವೇನೇ ನಿಂತೋಯ್ತದೆ ಕಣವ್ವಾ" ಎಂದಿದ್ದರು. ಮದುವೆಯೇ ನಿಲ್ಲುವುದಾದರೆ ಲೆಕ್ಕ ನಿಲ್ಲದೇ ಇದ್ದೀತೇ ಎಂದು ಹೆದರಿ ತಮ್ಮನ್ನು ಸೇರಿಸಿದೆ.

ಮದ್ದೂರಿನಲ್ಲಿ ಪಾಠ ಹೇಳುವ ವನಜಾ ಮೇಡಂಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕರು. "ನೀರಿಗಿಳಿದೋರ್ನ ಮಾತ್ರ ಬರಿಯಮ್ಮ. ತಳದಲ್ಲಿ ಕೂತೋರು ಎಷ್ಟೇ ರಾಶಿ ಇದ್ರೂ ಲೆಕ್ಕಕ್ಕಿಲ್ಲ" ಎಂದರು. ತಮ್ಮನ್ನು ಬರೆದ ಆ ಗೆರೆಯಿಂದ ಪಾಸಾಗಲು ಬೇಕಿದ್ದ ಅಂಕ ಹೋಯಿತು. ಬಿಎಸ್ಸಿ ಕೃಷಿ ಓದಬೇಕೆಂದಿದ್ದೇನೆ. ಈ ಸಲವೂ ತಪ್ಪಿದರೆ ಸೀಟು ಬೇರೆಯವರ ಪಾಲು. ಹೇಳಲು ನಾಚಿಕೆಯೇನಿಲ್ಲ, ನನಗೆ ಭಯವಾಗಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಪರೀಕ್ಷೆ ಮುಗಿಯುವ ತನಕವಾದರೂ ಪೂರ್ತಿ ಕರಗಿರಬೇಕು. ಅದಾಗದಿದ್ದರೆ ಅಡುಗೆ ಉಪ್ಪಿನ ಹಾಗೆ ಒಂದಕ್ಕೊಂದು ಜೋಡಿಯಾಗಿ ಸರಳ ಸಂಸಾರ ನಡೆಸಬೇಕು. ಅದೂ ಆಗದಿದ್ದರೆ, ಪ್ರಶ್ನೆಪತ್ರಿಕೆ ತಯಾರಿಸುವವರ ಹಲ್ಲುಗಳಲ್ಲಿ ತಮ್ಮ ನೆಂಟರೇ ಇರುವುದರಿಂದ, ಅಲ್ಲಿ ಸಣ್ಣಗೆ ನೋವೆಬ್ಬಿಸಿ ನನ್ನ ಪರವಾಗಿ ಶಿಫಾರಸು ಮಾಡಿಸಬೇಕು. ಯಾವುದೂ ಆಗದಿದ್ದರೆ ಈ ಬಾರಿ ತಮ್ಮ ಹೆಸರನ್ನು ಕೈಬಿಡುತ್ತಿದ್ದೇನೆಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ. ಬೇಜಾರಾದರೆ ನೀರಿಗಿಳಿಯಿರಿ.

ತಮಗೆ ಮರ್ಯಾದೆ ಕೊಟ್ಟು ಕೆಟ್ಟ,
ತಮ್ಮ ವಿಶ್ವಾಸಿ,
ದೀಪಿಕ

ವಿ.ಸೂ.: ನಾನು ಮತ್ತೆ ಫೇಲಾದರೆ ಮುಂದಿನ ವರ್ಷವೂ ನಾವಿಬ್ಬರೂ ಅದೇ ಪಾಠದಲ್ಲಿ ಮುಖ ಮುಖ ನೋಡಿಕೊಂಡಿರಬೇಕು. ತಮಗೆ ಕರಗುವ ಮನಸ್ಸಿಲ್ಲದಿರಬಹುದು. ನನಗಂತೂ ತಳದಲ್ಲಿ ಉಳಿಯುವ ಮನಸ್ಸಿಲ್ಲ.