ಬಾನೆಟ್ಟಿನ ಕೆಳಗೆ ಅತ್ತೆ

ದೇವರಿದ್ದಾನೆ ಎಂದು ನಂಬುವಷ್ಟೇ ಸಲೀಸಾಗಿ ನನ್ನ ಕಾರಿನಲ್ಲಿ ಎಂಜಿನ್ ಇದೆ ಎಂದು ನಂಬಿದ್ದವನು ನಾನು. ಸರ್ವೀಸಿಗೆ ಬಿಟ್ಟು ಬರುವುದು, ತೊಳೆದ ಮೇಲೆ ತರುವುದು, ಅಷ್ಟೇ. ಎಂಟು ವರ್ಷ ಓಡಿಸಿದರೂ ಎಂಜಿನ್ನನ್ನು ಕಣ್ಣಾರೆ ಕಂಡಿರಲಿಲ್ಲ. ಮಂಡ್ಯದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಸತ್ತ ರಾಜರ ವಂಶಾವಳಿಯೆಲ್ಲ ಬಾಯಿಗೆ ಬರುತ್ತದೆ. ನನ್ನದೇ ಬಾನೆಟ್ಟಿನ ಕೆಳಗೆ ಯಾರ ಆಳ್ವಿಕೆ ನಡೆದಿದೆ ಎಂಬುದು ಗೊತ್ತಿರಲಿಲ್ಲ.

ಮಳವಳ್ಳಿಯಲ್ಲಿ ಮಗಳ ನಿಶ್ಚಿತಾರ್ಥ. ಹಿಂದಿನ ದಿನ ಫೋನಿನಲ್ಲಿ ಒಂದು ವಿಡಿಯೊ ನೋಡಿ ನನಗೆ ಹುರುಪು ಬಂತು. ಯಾರೋ ಒಬ್ಬ ಎಂಜಿನ್ ತೊಳೆದು ಹೊಸ ಸ್ಟೀಲ್ ಪಾತ್ರೆಯ ಹಾಗೆ ಫಳಫಳ ಮಾಡಿದ್ದ. ನಾಳೆ ಮನೆಮಂದಿಯೆಲ್ಲ ಇದೇ ಕಾರಿನಲ್ಲಿ ಹೋಗಬೇಕು. ಬೀಗರು ಟ್ರಾಕ್ಟರ್ ಇಟ್ಟುಕೊಂಡವರು. ಅಪ್ಪಿತಪ್ಪಿ ಬಾನೆಟ್ ತೆಗೆಸಿದರೆ ಮಾನ ಉಳಿಯಬೇಡವೇ? ಪೇಟೆ ಸುತ್ತಿ ಆಗಷ್ಟೇ ಮಂಡ್ಯದ ಗುತ್ತಲಿನ ನಮ್ಮ ಮನೆಗೆ ಬಂದಿದ್ದ ಕಾರಿನ ಬಾನೆಟ್ ಎತ್ತಿ, ಗಿಡಗಳಿಗೆ ನೀರು ಬಿಡುವ ಪೈಪು ಹಿಡಿದು ನಿಂತೆ.

"ಏನ್ಲಾ ಅದು? ಬುಡು ಪೈಪ!"

ಗೇಟಿನ ಬಳಿ ಅತ್ತೆ. ಹೆಂಡತಿಯ ತಾಯಿಯಲ್ಲ, ಅಪ್ಪನ ತಂಗಿ ಜಯಮ್ಮ. ನಿಶ್ಚಿತಾರ್ಥಕ್ಕೆಂದು ಮದ್ದೂರಿನಿಂದ ಬಂದಿದ್ದರು. ಮಾವ ತೀರಿಕೊಂಡಾಗ, ಹಿಟ್ಟಿನ ಮಿಲ್ಲು ಹೆಂಗಸರ ಕೈಲಿ ನಡೆಯುವುದಿಲ್ಲ, ಮಾರಿಬಿಡಿ ಎಂದು ನೆಂಟರೆಲ್ಲ ಬುದ್ಧಿ ಹೇಳಿದ್ದೆವು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಿಲ್ಲಿನ ಡೀಸೆಲ್ ಎಂಜಿನ್ನನ್ನು ತಾವೇ ಬಿಚ್ಚಿ ಜೋಡಿಸಲು ಕಲಿತರು. ಬುದ್ಧಿ ಹೇಳಿದವರಲ್ಲಿ ನನ್ನದೇ ದೊಡ್ಡ ಗಂಟಲು.

"ಕಾದಿರೋ ಇಂಜಿನ್‌ಗೆ ತಣ್ಣೀರು ಉಯ್ತಾರೇನ್ಲಾ? ವೈರಿಗೆ ನೀರು ನುಗ್ಗುದ್ರೆ ನಾಳೆ ಮಳವಳ್ಳಿಗೆ ಕಾರ್ನ ತಳ್ಕಂಡ್ ಓಯ್ತೀಯಾ?"

ಎಂಜಿನ್ ಆರುವ ತನಕ ಕಾಫಿ ಕುಡಿದು, ಅತ್ತೆ ಕೆಲಸಕ್ಕೆ ಇಳಿದರು. ಮೊದಲು ಬ್ಯಾಟರಿಯ ವೈರು ಬಿಚ್ಚಿದರು. ನೀರು ತಾಗಬಾರದ ಕಡೆಗೆಲ್ಲ ಪ್ಲಾಸ್ಟಿಕ್ ಕವರು ಕಟ್ಟಿದರು. ಒಣ ಬ್ರಷ್ಷಿನಿಂದ ಧೂಳು ಉದುರಿಸಿ, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ, ಎಳೆಮಗುವಿನ ಕಿವಿಸಂದಿ ಒರೆಸುವಂತೆ ಒಂದೊಂದೇ ಮೂಲೆ ಒರೆಸುತ್ತ ಹೋದರು. ನಾನು ಬಾನೆಟ್ ಎತ್ತಿ ಹಿಡಿದು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಆ ಬೆರಳುಗಳಿಗೆ ಅವಸರವೂ ಇಲ್ಲ, ಅನುಮಾನವೂ ಇಲ್ಲ. ಮೂವತ್ತು ವರ್ಷದ ನನ್ನ ಮೇಷ್ಟ್ರಗಿರಿಯಲ್ಲಿ ಒಂದು ಪಾಠವನ್ನೂ ಅಷ್ಟು ನಿಶ್ಚಿಂತೆಯಿಂದ ಮಾಡಿದ ನೆನಪಿಲ್ಲ.

ಒಂದು ಮೂಲೆಯಲ್ಲಿ ಇಲಿಗೂಡು ಸಿಕ್ಕಿತು. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟಿದರೆ ಊರೇ ಹಿಗ್ಗುತ್ತದೆ. ನನ್ನ ಇಲಿಗೆ ಆ ಭಾಗ್ಯವಿಲ್ಲ. ಕಬ್ಬಿನ ಸಿಪ್ಪೆ, ಹತ್ತಿ, ಜೊತೆಗೆ ನಾನು ಕಳೆದುಹೋಯಿತೆಂದುಕೊಂಡಿದ್ದ ವಿದ್ಯಾರ್ಥಿಯೊಬ್ಬನ ಉತ್ತರಪತ್ರಿಕೆ. ನನಗಿಂತ ಶ್ರದ್ಧೆಯಿಂದ ಇಲಿ ಅದನ್ನು ಪರಿಶೀಲಿಸಿತ್ತು.

ನಾನು ನಗುತ್ತಿದ್ದೆ. ಅತ್ತೆ ನಗಲಿಲ್ಲ. ಬಗ್ಗಿ ಮೂಸಿದರು. ಗೂಡಿನ ಹಿಂದಿದ್ದ ಒಂದು ರಬ್ಬರ್ ಪೈಪನ್ನು ಸವರಿ ಬೆರಳು ನನ್ನ ಮೂಗಿಗೆ ಹಿಡಿದರು. ಪೆಟ್ರೋಲ್.

"ಕಡ್ದು ಅರ್ಧ ಮಾಡ್ಬುಟ್ಟದೆ. ಇದು ಕಾಣ್ದಲೆ ನಾಳೆ ಒಂಟಿದ್ರೆ..." ಎಂದು ನಿಲ್ಲಿಸಿ, ಸಣ್ಣ ದನಿಯಲ್ಲಿ ಹೇಳಿದರು, "ಮಗೀನೂ ಇದ್ರಲ್ಲೇ ಕೂತ್ಕಳದು ಕಣ್ಲಾ."

ಒಳಗೆ ಮಗಳು ಮಾರನೆಯ ದಿನದ ಬಳೆಗಳನ್ನು ಹಾಕಿ ನೋಡುತ್ತಿದ್ದ ಸದ್ದು ಕೇಳುತ್ತಿತ್ತು.

ಗ್ಯಾರೇಜಿಗೆ ಫೋನ್ ಮಾಡಿದೆ. ಹೊಸ ಪೈಪು ತಂದ ಮೆಕ್ಯಾನಿಕ್ ಎಂಜಿನ್ ಕಡೆ ನೋಡಿ ಹುಬ್ಬೇರಿಸಿದ. "ನಮ್ ಗ್ಯಾರೇಜಲ್ಲೂ ಇಷ್ಟು ನೀಟಾಗಿ ಮಾಡಾಕಿಲ್ಲ ಸಾ. ಯಾರು ಮಾಡುದ್ದು?"

"ಅತ್ತೆ, ಮತ್ತೆ ನಾನು."

"ನೀವೇನ್ ಮಾಡುದ್ರಿ ಸಾ?"

"ಎರಡು ಗಂಟೆ ಹೊತ್ತಿನಿಂದ ಬಾನೆಟ್ ಎತ್ತಿ ಹಿಡಿದಿದ್ದೀನಲ್ಲ!" ಎಂದೆ. ತೋಳು ಮರಗಟ್ಟಿತ್ತು.

ಆತ ಅಂಚಿನಲ್ಲಿ ಮಲಗಿದ್ದ ಒಂದು ಕಬ್ಬಿಣದ ಕಡ್ಡಿಯನ್ನು ಎಬ್ಬಿಸಿ ಬಾನೆಟ್ಟಿಗೆ ಆನಿಸಿದ. ನಾನು ಕೈ ಬಿಟ್ಟೆ. ಬಾನೆಟ್ ಬೀಳಲಿಲ್ಲ.

ನಿಶ್ಚಿತಾರ್ಥ ಚೆನ್ನಾಗಿಯೇ ನಡೆಯಿತು. ಎಂಜಿನ್ ಕಡೆ ಯಾರೂ ತಿರುಗಿ ನೋಡಲಿಲ್ಲ. ಮಳವಳ್ಳಿಯಿಂದ ವಾಪಸ್ ಬರುವಾಗ ಪಕ್ಕದಲ್ಲಿ ಕೂತಿದ್ದ ಅತ್ತೆಯನ್ನು ಮೆಲ್ಲಗೆ ಕೇಳಿದೆ, "ಆ ಕಡ್ಡಿ ನಿಮಗೂ ಕಂಡಿರಲಿಲ್ವಾ ಅತ್ತೆ?"

"ಮೊದ್ಲೇ ಕಂಡಿತ್ತು ಕಣ್ಲಾ," ಎಂದರು ಅತ್ತೆ. "ನಿನ್ ಕೈ ಖಾಲಿ ಇದ್ರೆ ಇನ್ನೇನ್ ಮುಟ್ಟೀಯೋ ಅಂತ ಸುಮ್ಕಿದ್ದೆ."