ಬಾಣಂತಿ ಕೋಣೆಯ ಸಮ್ಮತಿ

ಮಂಗಳವಾರ, ಬೆಳಿಗ್ಗೆ ಹತ್ತೂವರೆ, ಖಾನಾಪುರ. ಹಾಜರಿದ್ದವರು: ಬಾಣಂತಿ ರೇಣುಕಾ, ಅವಳ ಅತ್ತೆ ಗಂಗವ್ವ, ಬಾಣಂತನದ ಆರೈಕೆಯನ್ನು ಮನೆಯಲ್ಲೇ ಕೂತು ನೋಡಿ ಬರೆಯುವ ಸಂಶೋಧಕಿ ವಿಭಾ, ಮತ್ತು ನಾನು, ನಿವೃತ್ತ ಹೆಡ್ ನರ್ಸ್. ಹಾಜರಿ ಹಾಕದೆ ಯಾವ ಕೆಲಸವನ್ನೂ ಶುರುಮಾಡಿ ನನಗೆ ಗೊತ್ತಿಲ್ಲ.

ನಮ್ಮ ಕಡೆ ಮನೆಗೆ ಬಂದವರಿಗೆ ಯಾರೂ ಬೇಡ ಎನ್ನುವುದಿಲ್ಲ. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡು ಹೋಗುವವರು ವಿದ್ವಾಂಸರು. ಇಂಥ ಸಂಶೋಧನೆಗೆ ಅನುಮತಿ ಕೊಡಲು ಬೆಳಗಾವಿಯಲ್ಲಿ ಒಂದು ನೈತಿಕ ಸಮಿತಿಯಿದೆ. ಅದರಲ್ಲಿ ನಾನು ಜನಸಾಮಾನ್ಯರ ಪ್ರತಿನಿಧಿ; ಉಳಿದವರು ಅಸಾಮಾನ್ಯರು. ವಿಭಾಳ ಅರ್ಜಿ ಬಂದ ದಿನ ಅವರು ಸಂಜೆಯವರೆಗೆ ಚರ್ಚಿಸಿದ್ದು, ಅವಳ ರೆಕಾರ್ಡರ್ ಯಾವ ಕಪಾಟಿನಲ್ಲಿರಬೇಕು, ಕೀಲಿಕೈ ಯಾರ ಬಳಿ ಇರಬೇಕು ಎಂಬುದನ್ನು. ಬಾಣಂತಿಯ ಮಾತು ಬರಲೇ ಇಲ್ಲ. ಅಧ್ಯಕ್ಷರು ಕುಂದಾ ತಿಂದು, ಕೈ ಒರೆಸಿಕೊಂಡು, "ನೀತಿಯ ದೃಷ್ಟಿಯಿಂದ ಎಲ್ಲ ಸರಿಯಿದೆ" ಎಂದರು. ಒಮ್ಮೆ ಹೋಗಿ ನೋಡೋಣ ಎಂದೆ. ಅಸಾಮಾನ್ಯರಿಗೆ ಖಾನಾಪುರ ಬಹಳ ದೂರ. ನಾನೊಬ್ಬಳೇ ಬಸ್ಸು ಹತ್ತಿದೆ.

ಗಂಗವ್ವ ಚಹಾ ಕೊಟ್ಟು, "ಒಪ್ಪಿಗಿ ಆಗೇತ್ರಿ ಸಿಸ್ಟರ್, ನಾನ ಸಹಿ ಮಾಡೇನಿ" ಎಂದಳು.

"ಬಾಣಂತಿ ನೀವೇನ್ರಿ?"

"ಅಯ್ಯ, ಆಕಿನ್ನೇನು ಕೇಳೂದ್ರಿ! ಎರಕೊಳ್ಳೂದು ನೋಡಾಕ ಪಾಪ ಅಷ್ಟು ದೂರದಿಂದ ಬಂದಾರ."

"ಮೇಡಂ, ಇದು ಸ್ಥಳೀಯ ಸಂಸ್ಕೃತಿ, ಕುಟುಂಬದ ಸಮ್ಮತಿ" ಎಂದಳು ವಿಭಾ. ಎಣ್ಣೆ ಹಚ್ಚಿ ಬಿಸಿನೀರು ಎರೆಸಿಕೊಳ್ಳುವ ಮೈ ಮಾತ್ರ ರೇಣುಕಾಳದು. ವಾರ್ಡಿನಲ್ಲಿ ನಾನು ಸಂಸ್ಕೃತಿಯ ಹೆಸರು ಕೇಳಿದ್ದು ಯಾರೋ ಕೈ ತೊಳೆಯದೆ ಸಿಕ್ಕಿಬಿದ್ದಾಗ ಮಾತ್ರ.

ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿ ಸೀದಾ ಒಳಕ್ಕೆ ನಡೆದೆ. ಕೆಳಗೆ ಕೆಂಡದ ಕಾವಿಟ್ಟ ಹೊರಸಿನ ಮೇಲೆ ರೇಣುಕಾ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನನ್ನನ್ನು ಕಂಡು ಸೆರಗೆಳೆದುಕೊಂಡಳು. ನಾನು ಹೊರಸಿನ ತುದಿಗೆ ಕೂತು ಪಾಠ ಶುರುಮಾಡಿದೆ.

"ನೋಡವಾ, ಯಾರ ಬಂದ್ರೂ ನೀ ಬ್ಯಾಡ ಅನ್ನಬಹುದು. ಕಾರಣ ಹೇಳಬೇಕಂತಿಲ್ಲ. ಬ್ಯಾಡ ಅಂದಿ ಅಂತ ದವಾಖಾನ್ಯಾಗ ಔಷಧ ಬಂದ್ ಮಾಡಂಗಿಲ್ಲ."

"ಖರೇನ್ರಿ? ಅತ್ತಿ ಸಿಟ್ಟಾಗಂಗಿಲ್ಲ?"

"ಅತ್ತೀಗ ನಾ ಹೇಳ್ತೀನಿ."

ಅವಳು ಯೋಚಿಸಿದಳು. "ಹಂಗಾದ್ರ ಆ ಅಕ್ಕಾರು ಎರಕೊಳ್ಳುವಾಗ ಬ್ಯಾಡ್ರಿ. ಆಮ್ಯಾಲ ಏನ್ ಬೇಕಾದ್ರೂ ಕೇಳ್ಲಿ, ಹೇಳ್ತೀನಿ." ಕೂಸನ್ನು ಸೆರಗಿನೊಳಗೆ ಸರಿಸಿಕೊಂಡು, "ನೀವೂ ಹೊರಗ ಕುಂದರ್ರಿ ಸಿಸ್ಟರ್. ಕೂಸು ಕುಡಿಯಾಕತ್ತೇತಿ."

ವಾರ್ಡಿನಲ್ಲಿ ನನ್ನನ್ನು ಹೊರಗೆ ಕಳಿಸುವ ಧೈರ್ಯ ಸರ್ಜನ್ನರಿಗೂ ಇರಲಿಲ್ಲ. ಎದ್ದು ಬಂದು ವಿಭಾಳ ಪಕ್ಕದಲ್ಲಿ ಕೂತು ವರದಿ ಬರೆದೆ: ಸ್ನಾನದ ವೇಳೆ ಸಂಶೋಧಕಿಗೆ ಪ್ರವೇಶವಿಲ್ಲ, ಹಾಲೂಡಿಸುವಾಗ ಸಮಿತಿಗೂ ಇಲ್ಲ. ಸಹಿ ಹಾಕಿದೆ.