ದೊಡ್ಡ ಡಿಸ್ಕಿನ ಧಣಿ

ಕಂಪ್ಯೂಟರಿನ ಕೆಲಸ ಎಂದರೆ ಮುಖ ಗಂಟು ಹಾಕಿಕೊಂಡು ಕೂರುವ ಕೆಲಸ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಹಾಗಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ನಡುವಿನವರೆಗೆ ಮಣಿಪಾಲದಲ್ಲಿ ನಾನು ಈ ಕೆಲಸ ಮಾಡಿದೆ. ನಗದೆ ಮನೆಗೆ ಹೋದ ದಿನಗಳು ಕಡಿಮೆ. ಯಂತ್ರ ಒಂದಿದ್ದರೆ ಅದರ ಸುತ್ತ ನಾಲ್ಕು ಜನ ಸೇರುತ್ತಾರೆ, ಸೇರಿದ ಮೇಲೆ ಏನಾದರೂ ಆಗದೆ ಇರುವುದಿಲ್ಲ.

ನಮ್ಮದು ಸಣ್ಣ ಸಂಸ್ಥೆ. ಕಾಲೇಜುಗಳ ಪರೀಕ್ಷಾ ಫಲಿತಾಂಶ, ಕಾರ್ಖಾನೆಗಳ ಸಂಬಳದ ಚೀಟಿ, ಹೀಗೆ ಬೇರೆಯವರ ಕೆಲಸವನ್ನು ನಮ್ಮ ಕಂಪ್ಯೂಟರಿನಲ್ಲಿ ಮಾಡಿ ಅಚ್ಚು ಹಾಕಿ ಕೊಡುವುದು. ಮಾಹಿತಿಯೆಲ್ಲ ಇರುತ್ತಿದ್ದುದು ಹಾರ್ಡ್ ಡಿಸ್ಕಿನಲ್ಲಿ. ಈಗಿನವರು ಹಾರ್ಡ್ ಡಿಸ್ಕ್ ಎಂದರೆ ಅಂಗಿಯ ಕಿಸೆ ಮುಟ್ಟಿ ನೋಡುತ್ತಾರೆ. ನಮ್ಮದು ಅಕ್ಕಿ ತುಂಬಿಸಿಡುವ ಪತ್ತಾಯದಷ್ಟು ದೊಡ್ಡದು. ಒಳಗೆ ಹರಿವಾಣದಷ್ಟು ಅಗಲದ ತಟ್ಟೆಗಳು ಒಂದರ ಮೇಲೊಂದು. ಅವು ಗಿರಗಿರ ತಿರುಗುವಾಗ ಲೋಹದ ಕೈಗಳು ಹಿಂದೆ ಮುಂದೆ ಆಡುತ್ತಾ ಬೇಕಾದ್ದನ್ನು ಹುಡುಕಿ ಓದಬೇಕು. ಲಾರಿಯಿಂದ ಅದನ್ನು ಇಳಿಸಿದ ದಿನ ಇಳಿಸಿದವರೆಲ್ಲ ಬೆನ್ನಿಗೆ ಎಣ್ಣೆ ಹಚ್ಚಿಕೊಂಡರಂತೆ.

ಬಾಳೆಲೆಯ ಪಾಠ

ನಮ್ಮ ಧಣಿ ಕಾರ್ಕಳದ ಕಡೆಯವರು. ಮನೆಯಲ್ಲಿ ಕಂಬಳದ ಕೋಣಗಳಿದ್ದವು, ಅಜೆಕಾರಿನಲ್ಲಿ ಅಕ್ಕಿ ಮಿಲ್ಲಿತ್ತು, ಮಣಿಪಾಲದಲ್ಲಿ ಈ ಕಂಪ್ಯೂಟರ್. ಮೂರನ್ನೂ ಅವರು ಒಂದೇ ಕಣ್ಣಿನಿಂದ ನೋಡುತ್ತಿದ್ದರು. ಗಾತ್ರ ಇದ್ದರೆ ಬಲ, ಬಲ ಇದ್ದರೆ ಓಟ.

ಹೊಸದಾಗಿ ಸಣ್ಣ ಡಿಸ್ಕುಗಳು ಬಂದಿವೆ, ನಮ್ಮ ಮುದಿ ಡಿಸ್ಕಿಗಿಂತ ಬೇಗ ಕೆಲಸ ಮಾಡುತ್ತವೆ ಎಂದು ನಾನು ಹೇಳಿದಾಗ ಅವರು ನನ್ನನ್ನು ಕನಿಕರದಿಂದ ನೋಡಿದರು.

"ಸಣ್ಣದು ಬೇಗ ಓಡುವುದು ಹೇಗೆ ಮಾರಾಯ?"

ನಾನು ಊಟದ ಉದಾಹರಣೆ ತೆಗೆದೆ. "ಧಣೀ, ಉದ್ದದ ಕುಡಿ ಬಾಳೆಲೆ ಹಾಕಿ ಬಡಿಸಿದ್ದಾರೆ ಎಂದು ಇಟ್ಟುಕೊಳ್ಳಿ. ಆ ತುದಿಯ ಉಪ್ಪಿನಕಾಯಿಗೆ ಕೈ ಚಾಚಿ, ಈ ತುದಿಯ ಪಾಯಸಕ್ಕೆ ಬರಬೇಕು. ಸಣ್ಣ ಕೀತು ಎಲೆಯಾದರೆ ಎಲ್ಲವೂ ಕೈಯ ಹತ್ತಿರವೇ ಉಂಟು. ಯಾವುದರಲ್ಲಿ ಊಟ ಬೇಗ ಮುಗಿಯುತ್ತದೆ? ಡಿಸ್ಕಿನ ಕೈಯೂ ಹಾಗೆಯೇ. ತಟ್ಟೆ ಸಣ್ಣದಾದರೆ ಹೋಗಿ ಬರುವ ದಾರಿ ಸಣ್ಣದು. ತಟ್ಟೆ ಹಗುರವಾದರೆ ತಿರುಗಿಸುವುದೂ ಸುಲಭ."

ಧಣಿ ಕಣ್ಣು ಮುಚ್ಚಿ ಯೋಚಿಸಿದರು. ಅರ್ಥವಾಯಿತು ಎಂದು ನನಗೆ ಸಂತೋಷವಾಯಿತು.

"ನನ್ನ ಮನೆಯಲ್ಲಿ ಕೀತು ಎಲೆಯಲ್ಲಿ ಬಡಿಸುವ ಕ್ರಮ ಇಲ್ಲ," ಎಂದರು.

ಬಾಗಿಲ ಬಳಿ ಹೋದದ್ದು

ದೊಡ್ಡ ಡಿಸ್ಕಿಗೆ ಒಂದು ಚಾಳಿ ಇತ್ತು. ಸಾವಿರಾರು ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸುವ ಕೆಲಸ ಕೊಟ್ಟರೆ ಅದರ ಕೈಗಳು ಹಿಂದೆ ಮುಂದೆ ಜೋರಾಗಿ ಬೀಸಿ, ಇಡೀ ಪೆಟ್ಟಿಗೆ ಅಲುಗಾಡುತ್ತಿತ್ತು. ಅಲುಗಾಡುತ್ತಾ ನೆಲದ ಮೇಲೆ ಚೂರು ಚೂರೇ ಸರಿಯುತ್ತಿತ್ತು. ಕೆಲಸ ಮುಗಿದ ಮೇಲೆ ನಾವು ದೂಡಿ ಸ್ವಸ್ಥಾನಕ್ಕೆ ತರುವುದು ವಾಡಿಕೆ.

ಒಂದು ಮಧ್ಯಾಹ್ನ ಕೆಲಸ ಹಚ್ಚಿ ನಾವೆಲ್ಲ ಊಟಕ್ಕೆ ಹೋಗಿದ್ದೆವು. ಮಾಹಿತಿ ಟೈಪ್ ಮಾಡುತ್ತಿದ್ದ ಶಿರ್ವದ ಹುಡುಗಿ ಒಬ್ಬಳೇ ಒಳಗೆ ಉಳಿದಿದ್ದಳು. ತಿರುಗಿ ಬಂದರೆ ಬಾಗಿಲು ತೆರೆಯುವುದಿಲ್ಲ. ಡಿಸ್ಕು ಸರಿದು ಸರಿದು ಬಾಗಿಲಿಗೇ ಒರಗಿ ನಿಂತಿತ್ತು. ನಾವು ಹೊರಗಿನಿಂದ ದೂಡಿದೆವು, ಅದು ಒಳಗಿನಿಂದ ದೂಡಿತು.

"ಹೆದರಬೇಡಿ ಅಕ್ಕಾ," ಎಂದು ಕೂಗಿದೆ. ವಯಸ್ಸಿನಲ್ಲಿ ಚಿಕ್ಕವಳಾದರೂ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದೆವು.

"ನನಗೆ ಎಂತ ಹೆದರಿಕೆ? ಊಟದ ಹೊತ್ತು ನೋಡಿ ಅದೂ ಹೊರಟಿದೆ," ಎಂದಳು ಒಳಗಿನಿಂದ. ಅವಳೇ ಸ್ವಿಚ್ಚು ಆರಿಸಿ ಒಳಗಿನಿಂದ ಎಳೆದು, ನಾವು ಹೊರಗಿನಿಂದ ದೂಡಿದ ಮೇಲೆ ನಮಗೆ ಪ್ರವೇಶ ಸಿಕ್ಕಿತು.

ಇನ್ನಾದರೂ ಧಣಿಗೆ ಬುದ್ಧಿ ಬರುತ್ತದೆ ಎಂದು ಹೋಗಿ ದೂರು ಹೇಳಿದೆ. ಅವರ ಎದೆ ಉಬ್ಬಿತು.

"ನೋಡಿದೆಯಾ ಅದರ ಶಕ್ತಿ! ನಿನ್ನ ಸಣ್ಣದು ಬಾಗಿಲವರೆಗೆ ಹೋಗುತ್ತದಾ?"

ಆಯುಧಪೂಜೆ

ಆ ಡಿಸ್ಕಿಗೆ ಧೂಳು ಆಗದು, ಹೊಗೆ ಆಗದು. ಓದುವ ಕೈಗೂ ತಟ್ಟೆಗೂ ನಡುವೆ ಇರುವ ಸಂದು ಎಷ್ಟು ಸಣ್ಣದೆಂದರೆ ಊದುಬತ್ತಿಯ ಹೊಗೆಯ ಕಣ ಸಿಕ್ಕಿಕೊಂಡರೂ ತಟ್ಟೆ ಗೀರಿ ಹೋಗಬಹುದು. ಅದಕ್ಕಾಗಿ ಗಾಜಿನ ಕಿಟಕಿಯ ತಂಪು ಕೋಣೆ. ಚಪ್ಪಲಿ ಹೊರಗೆ.

ಆಯುಧಪೂಜೆಗೆ ಧಣಿ ಭಟ್ಟರನ್ನು ಕರೆಸಿದರು. ಭಟ್ಟರು ಧೂಪ, ಆರತಿ, ಕುಂಕುಮ, ಅರಳು ಎಲ್ಲ ತಂದಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಧಣಿಯ ಮುಖ ಕೆಂಪಾಯಿತು.

"ಪೂಜೆ ಇಲ್ಲದೆ ಆಯುಧವಾ?"

"ಪೂಜೆ ಮಾಡಿದರೆ ಆಯುಧವೇ ಇರುವುದಿಲ್ಲ ಧಣೀ."

ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಕಾಲೇಜಿನ ಫಲಿತಾಂಶ ಪೂರ್ತಿ ಒಳಗಿತ್ತು. ನಮ್ಮಿಬ್ಬರನ್ನೂ ನೋಡಿ ಭಟ್ಟರೇ ಮುಂದೆ ಬಂದರು. ಕಿಟಕಿಯ ಹೊರಗೆ ನಿಂತು, ಗಾಜಿನ ಮೂಲಕ ಡಿಸ್ಕಿಗೆ ಸಾವಕಾಶವಾಗಿ ಆರತಿ ಎತ್ತಿದರು. ಬೂದುಕುಂಬಳ ಅಂಗಳದಲ್ಲಿ ಒಡೆಯಿತು. ಧಣಿಗೆ ಸಮಾಧಾನವಿಲ್ಲ. ಹೊರಗಿನಿಂದ ಮಾಡಿದ್ದು ತಲುಪುತ್ತದಾ ಎಂದು ಕೇಳಿದರು.

"ಉಡುಪಿಯಲ್ಲಿ ಶ್ರೀಕೃಷ್ಣನನ್ನೇ ಕಿಟಕಿಯಲ್ಲಿ ನೋಡಿ ಬರುತ್ತೀರಿ," ಎಂದರು ಭಟ್ಟರು. "ನಿಮ್ಮ ಪೆಟ್ಟಿಗೆಗೆ ಅದಕ್ಕಿಂತ ಹೆಚ್ಚಿನ ಬಿಂಕ ಎಂತದ್ದು?"

ಎಕ್ಸ್‌ಪ್ರೆಸ್ ಬಸ್ಸು

ಕೊನೆಗೆ ದೊಡ್ಡ ಡಿಸ್ಕು ವಾರಕ್ಕೊಮ್ಮೆ ಕೆಡತೊಡಗಿದಾಗ ಧಣಿ ಸೋತು ಒಪ್ಪಿದರು. ಒಪ್ಪುವಾಗ ಒಂದು ಮಾತು ಸೇರಿಸಿದರು. "ತರಿಸು. ಅದರಿಂದ ನನ್ನ ಗಿರಾಕಿ ಒಬ್ಬ ತಪ್ಪಿದರೆ ನೀನು ಅಜೆಕಾರಿನ ಮಿಲ್ಲಿಗೆ."

ನನಗೆ ಮದುವೆಯಾಗಿ ಹೆಚ್ಚು ಸಮಯವಾಗಿರಲಿಲ್ಲ. ಹೆಂಡತಿ ಕಾಪುವಿನಲ್ಲಿ ಶಾಲೆಯ ಟೀಚರ್, ಮನೆಯೂ ಅಲ್ಲೇ. ಅಜೆಕಾರಿಗೆ ಹೋದರೆ ನಾನು ಅಲ್ಲಿ, ಅವಳು ಇಲ್ಲಿ. ಅಕ್ಕಿ ಮಿಲ್ಲಿನ ಮೇಲೆ ನನಗೆ ದ್ವೇಷವಿಲ್ಲ, ಆದರೆ ಹೆಂಡತಿಯ ಮೇಲೆ ಪ್ರೀತಿ ಇತ್ತು.

ಸಣ್ಣ ಡಿಸ್ಕು ಬೊಂಬಾಯಿಯಿಂದ ಮಂಗಳೂರಿಗೆ ಬಂತು. ಪೆಟ್ಟು ಬಿದ್ದರೆ ಕೆಡುವ ವಸ್ತು. ನಾನೇ ಹೋಗಿ, ತೊಡೆಯ ಮೇಲಿಟ್ಟುಕೊಂಡು ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. ಹತ್ತಿದ ಮೇಲೆ ತಪ್ಪು ಗೊತ್ತಾಯಿತು. ಆ ಬಸ್ಸುಗಳು ರಸ್ತೆಯ ಮೇಲೆ ಹೋಗುವುದಕ್ಕಿಂತ ಗಾಳಿಯಲ್ಲಿ ಹೋಗುವುದೇ ಹೆಚ್ಚು. ನಾನು ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೊಣಕಾಲು ಮಡಚಿ ಅರೆ ನಿಂತೆ.

ಪಕ್ಕದಲ್ಲಿ ಎಲ್ಲೂರಿನ ಅಜ್ಜಿಯೊಬ್ಬರಿದ್ದರು. "ಎಂತ ಮಗಾ, ಮೊಟ್ಟೆಯಾ?"

"ಅಲ್ಲ ಅಜ್ಜಿ, ಕಂಪ್ಯೂಟರಿನದ್ದು. ಕುಲುಕಿದರೆ ಹಾಳಾಗುತ್ತದೆ."

ಅಜ್ಜಿ ಗಂಟಲೆತ್ತಿ, "ಡ್ರೈವರಣ್ಣಾ, ಸ್ವಲ್ಪ ಮೆಲ್ಲ ಬಿಡಿ, ಪಾಪ ಇವರ ಸಾಮಾನು ಒಡೆಯುತ್ತದಂತೆ!" ಎಂದರು. ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಆ ರಸ್ತೆಯಲ್ಲಿ ಮೆಲ್ಲ ಹೋಗಿ ಎಂದು ಅದುವರೆಗೆ ಯಾರೂ ಕೇಳಿದ ಹಾಗಿರಲಿಲ್ಲ.

ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ ವಿನಯದಿಂದ ಹೇಳಿದರು. "ಮೆಲ್ಲ ಹೋದರೆ ನನಗೆ ನಿದ್ದೆ ಬರುತ್ತದೆ ಮಾರಾಯ್ರೆ. ಈಗ ನಿಮ್ಮ ಡಬ್ಬಿ ಮುಖ್ಯವಾ, ನಾವೆಲ್ಲ ಮುಖ್ಯವಾ?"

ಓಟ, ಮತ್ತು ಆಮೇಲೆ

ಡಿಸ್ಕು ಬದುಕಿ ಬಂತು. ಸಿಹಿತಿಂಡಿಯ ಪೆಟ್ಟಿಗೆಯಷ್ಟಿದ್ದ ಅದನ್ನು ನೋಡಿ ಧಣಿ ಮತ್ತೆ ಕನಿಕರದ ಮುಖ ಮಾಡಿದರು. ಓಟ ಇಡಲೇಬೇಕು ಎಂದರು. ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ ಹೆಸರುಗಳ ಪಟ್ಟಿ, ಯಾರು ಮೊದಲು ಜೋಡಿಸುತ್ತಾರೋ ಅವರು ಗೆದ್ದಂತೆ. ಧಣಿ ಹೆಗಲ ಟವೆಲನ್ನು ಎತ್ತಿ ಬೀಸಿ, "ಬಿಡಿ!" ಎಂದು ಕೂಗಿದರು.

ದೊಡ್ಡದು ಗುಡುಗಿತು, ಕುಲುಕಿತು, ನೆಲ ನಡುಗಿತು. ಸಣ್ಣದು ಕಿರ್ ಎನ್ನುತ್ತಾ ಕೆಂಪು ದೀಪ ಮಿಟುಕಿಸಿ, ದೊಡ್ಡದು ಅರ್ಧ ದಾರಿಯಲ್ಲಿರುವಾಗ ಮುಗಿಸಿ ಕೂತಿತು.

"ಇದು ಓಡಿದ್ದನ್ನು ಯಾರು ನೋಡಿದ್ದು?" ಎಂದರು ಧಣಿ. "ಕಂಬಳದಲ್ಲಿ ಗದ್ದೆಯ ಈ ಬದಿಯ ಕೋಣವನ್ನು ಆ ಬದಿಗೆ ಹಾಕಿ ಓಡಿಸಿದರೆ ಫಲ ಬೇರೆ ಆಗುವುದುಂಟು. ಜಾಗ ಬದಲಿಸಿ."

ಪತ್ತಾಯವನ್ನು ಆಚೆಗೆ ದೂಡಿದೆವು, ಡಬ್ಬಿಯನ್ನು ಈಚೆಗೆ ತಂದೆವು. ಮತ್ತೆ ಟವೆಲು ಬೀಸಿತು, ಮತ್ತೆ ಸಣ್ಣದೇ ಗೆದ್ದಿತು. ಶಿರ್ವದ ಅಕ್ಕ ಚಪ್ಪಾಳೆ ಹೊಡೆದಳು. ಧಣಿ ಕೋಣ ಸೋತವರ ಹಾಗೆ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಹೊಸದು ಕೊಟ್ಟವರಿಗೆ ಹಳೆಯದನ್ನು ಕೊಡಬೇಕೆಂಬ ಒಪ್ಪಂದದಂತೆ ದೊಡ್ಡದನ್ನು ಬೊಂಬಾಯಿಗೆ ಕಳುಹಿಸಲು ಒಪ್ಪಿದರು.

ನನ್ನ ಕಂಟಕ ಅಲ್ಲಿಗೆ ಮುಗಿಯಲಿಲ್ಲ. ಮಂಗಳೂರಿನ ಹಂಚಿನ ಕಾರ್ಖಾನೆಯ ಯಜಮಾನರು ತಮ್ಮ ಸಂಬಳದ ಚೀಟಿಯ ಕೆಲಸ ಕೊಡುವ ಮೊದಲು ನಮ್ಮ ಯಂತ್ರ ನೋಡಲು ಬರುವವರಿದ್ದರು. ಕೆಲಸ ಸಿಕ್ಕಿದರೆ ನಮ್ಮ ಪಾಲಿಗೆ ಅವರೇ ದೊಡ್ಡ ಗಿರಾಕಿ.

"ಅವರಿಗೆ ಈ ಡಬ್ಬಿ ತೋರಿಸಲಾ?" ಧಣಿ ತಲೆ ಹಿಡಿದುಕೊಂಡರು. "ಇದನ್ನು ನೋಡಿ ಅವರು ನಗುತ್ತಾ ಹೋದರೆ ನೀನು ಅಜೆಕಾರಿಗೆ ಬಟ್ಟೆ ಕಟ್ಟು."

ಮಾರನೆಯ ದಿನ ಕಾರ್ಕಳದಿಂದ ಆಚಾರಿ ಬಂದರು, ಧಣಿಯ ಮನೆಯ ಮಂಚ ಬಾಗಿಲು ಮಾಡಿದವರು. ಹೋದ ಡಿಸ್ಕಿಗಿಂತಲೂ ಒಂದು ಗೇಣು ಎತ್ತರದ ಮರದ ಪೆಟ್ಟಿಗೆ ಮಾಡಿ, ನೀಲಿ ಬಣ್ಣ ಬಳಿದು, ಗಾಳಿಗೆಂದು ಹಿಂಬದಿ ತೆರೆದು ಬಿಟ್ಟರು. ಒಳಗೆ ಒಂದು ಹಲಗೆಯ ಮೇಲೆ ನಮ್ಮ ಸಣ್ಣ ಡಿಸ್ಕು. ಉಳಿದ ಜಾಗದಲ್ಲಿ ಶಿರ್ವದ ಅಕ್ಕ ಕೊಡೆ ಇಡತೊಡಗಿದಳು.

ಯಜಮಾನರು ಬಂದರು. ಅವರೇ ತಂದ ಕೆಲಸಗಾರರ ಹೆಸರುಗಳನ್ನು ಹಾಕಿ ಓಡಿಸಿದೆ. ಅವರು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಮುಗಿಯಿತು.

"ಅಬ್ಬ! ಇಷ್ಟು ಬೇಗ! ಸದ್ದೂ ಇಲ್ಲ!" ಅವರು ಮರದ ಪೆಟ್ಟಿಗೆಯ ಬೆನ್ನು ತಟ್ಟಿದರು. "ಗಾತ್ರ ನೋಡುವಾಗಲೇ ನನಗೆ ಗೊತ್ತಾಯಿತು. ದೊಡ್ಡದರ ಓಟವೇ ಬೇರೆ, ಅಲ್ವಾ?"

"ಅದನ್ನೇ ನಾನು ಮೊದಲಿನಿಂದ ಹೇಳುವುದು," ಎಂದರು ಧಣಿ, ನನ್ನ ಕಡೆ ನೋಡುತ್ತಾ.

ಕೆಲಸ ನಮಗೇ ಎಂದು ಯಜಮಾನರು ಕೈ ಕುಲುಕಿದರು. ನಾನು ಮನಸ್ಸಿನಲ್ಲೇ ಕಾಪುವಿನ ಬಸ್ಸು ಹತ್ತಿದೆ. ಅಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತು ತಿರುಗಿದರು.

"ಮುಂದೆ ನಾವೂ ಒಂದು ಇಡಬೇಕೆಂದು ಉಂಟು. ಇದಕ್ಕಿಂತ ದೊಡ್ಡದು ಸಿಗುತ್ತದಾ?"

ನಾನು ಬಾಯಿ ತೆರೆಯುವ ಮೊದಲೇ ಧಣಿ, ಸಂತೋಷದ ಭರದಲ್ಲಿ, ಎರಡೂ ಕೈ ಅಗಲಿಸಿ ಹೇಳಿದರು:

"ನೀವು ಅಳತೆ ಹೇಳಿ ಯಜಮಾನ್ರೇ. ನಮ್ಮ ಆಚಾರಿ ಹಲಸಿನ ಮರದಲ್ಲೇ ಮಾಡಿಕೊಡುತ್ತಾರೆ!"